ಮೊದಲ ಉಸಿರು

ಕಿಟಕಿಗೆ ತೂಗುಹಾಕಿದ್ದ ಗಾಜಿನ ಗುಂಡಿನ ಮೂಲಕ ಬಿಸಿಲು ಒಳಗೆ ಬಂದು ಎದುರು ಗೋಡೆಯ ಮೇಲೆ ಹಸಿರು ಕಲೆಯಾಗಿ ನಿಂತಿತ್ತು. ಅವಳಿಗೆ ಆಗಲೇ ಎಚ್ಚರವಾಗಿತ್ತು. ಬಿಸಿಲು ಏರಿದಂತೆ ಆ ಕಲೆ ಕೆಳಗಿಳಿಯುತ್ತದೆ, ಗೂಟಕ್ಕೆ ಸಿಕ್ಕಿಸಿದ ಬಟ್ಟೆಗಳನ್ನು ದಾಟಿ ಹಾಸಿಗೆಯ ಆಚೆ ಬದಿಗೆ ಬರುತ್ತದೆ, ಅಲ್ಲಿಯ ದಿಂಬನ್ನು ಮುಟ್ಟುತ್ತದೆ. ಮುಟ್ಟಿದ ಮೇಲೆ ಏಳುವುದು ಎಂದು ಅವಳು ಯಾವತ್ತೋ ಮಾಡಿಕೊಂಡ ನಿಯಮ. ಮೋಡವಿದ್ದ ದಿನ ಏಳುವುದಕ್ಕೆ ಕಾರಣವೇ ಸಿಗದೆ ಮಲಗಿರುತ್ತಾಳೆ; ಕೆಳಗಿನಿಂದ ಓರಗಿತ್ತಿ ಪಾತ್ರೆಗಳ ಸದ್ದು ಮಾಡಿ ಎಬ್ಬಿಸುತ್ತಾಳೆ. ಗುಂಡು ಅಷ್ಟೇನೂ ಚೆಂದದ್ದಲ್ಲ. ಮೀನುಬಲೆ ತೇಲಿಸಲು ಹಿಂದೆ ಕಟ್ಟುತ್ತಿದ್ದಂಥದು. ಯಾವುದೋ ಹೋಟೆಲಿನವರು ಅಲಂಕಾರಕ್ಕೆಂದು ಕೇಳಿದ್ದರಿಂದ ಮನೆಯ ಗಾಜಿನ ಕಾರ್ಖಾನೆಯಲ್ಲಿ ಒಂದಷ್ಟು ಮಾಡಿದ್ದರು. ಇದರ ಒಂದು ಮಗ್ಗುಲು ಸೊಟ್ಟಗಾಗಿತ್ತು. ಸೊಟ್ಟಗಾದದ್ದೆಲ್ಲ ನಮ್ಮನೆಗೆ ಎಂದು ಅವಳ ಗಂಡ ತಂದು ಕಿಟಕಿಗೆ ಕಟ್ಟಿದ್ದ. ಊದಿ, ಊದುವ ಕೊಳವೆಯಿಂದ ಬಿಡಿಸಿ, ಉಳಿದ ತೂತಿನ ಮೇಲೆ ಕರಗಿದ ಗಾಜಿನ ಒಂದು ತೊಟ್ಟು ಬಿಟ್ಟು ಮುಚ್ಚಿಬಿಡುತ್ತಾರೆ. ಒಳಗೆ ಹೋದ ಉಸಿರು ಒಳಗೇ. ಕಟ್ಟಿದ ವಾರದಲ್ಲೇ ಅವನು ತೀರಿಹೋದ. ಆಮೇಲೆ ಒಂದು ದಿನ, ಮಗಳು ಕುರ್ಚಿ ಹತ್ತಿ ಅದನ್ನು ಜಗ್ಗುತ್ತಿದ್ದಾಗ, ಹೆದರಿಕೆಯಲ್ಲಿ ಅವಳು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದಳು: ಮುಟ್ಟಬೇಡ, ಅದರಲ್ಲಿ ಅಪ್ಪನ ಉಸಿರಿದೆ. ಅಂದಿನಿಂದ ಪುಟ್ಟಿ ಆ ಕಿಟಕಿಯ ಹತ್ತಿರ ಪಿಸುಮಾತಿನಲ್ಲೇ ಮಾತಾಡುತ್ತಾಳೆ. ನಿದ್ದೆಯಲ್ಲಿರುವವರ ಹತ್ತಿರ ಮಾತಾಡುವ ಹಾಗೆ.

ಕೆಳಗೆ ಅಡುಗೆಮನೆಯಲ್ಲಿ ಓರಗಿತ್ತಿ ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ಇವತ್ತು ನರ್ಸಮ್ಮ ಬರ್ತಾರಂತೆ ಕಣೇ, ಎಲ್ರಿಗೂ ಸೂಜಿ ಹಾಕೋಕೆ. ಆ ಹಾಸ್ಟೆಲಲ್ಲಿ ಒಬ್ಬಳಿಗೆ ಬಂದಿದೆಯಂತಲ್ಲ, ಅದೇ ಮಿದುಳು ಜ್ವರ. ಇವರು ನಂಗೆ ಬೇಡ ಅಂತ ಕೂತಿದ್ದಾರೆ. ನಾನು ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ. ನೀನಾದ್ರೂ ಒಂದು ಮಾತು ಹೇಳು." ಅವಳು ಹೂಂ ಎಂದಳು. ಹೂಂ ಎನ್ನುವುದು ಈಗ ಸುಲಭವಾಗಿತ್ತು, ಎಲ್ಲದಕ್ಕೂ ಸಲ್ಲುತ್ತಿತ್ತು. ಭಾವ, ಅವಳ ಗಂಡನ ಅಣ್ಣ, ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಒಬ್ಬನೇ ತಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದ. ಅವನ ತಟ್ಟೆ, ಅವನ ಲೋಟ ಬೇರೆಯಾಗಿ ಬಹಳ ದಿನವಾಗಿತ್ತು. ಪುಟ್ಟಿ ಓಡಿಹೋಗಿ ಹಿಂದಿನಿಂದ ಕುತ್ತಿಗೆಗೆ ಜೋತುಬಿದ್ದಳು. ಅವನು ತಟಕ್ಕನೆ ಹೆಗಲ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು, ಮುಖ ಆಚೆ ತಿರುಗಿಸಿ, ಎಡಗೈಯಿಂದ ಮಗುವನ್ನು ಬಿಡಿಸಿ ದೂರ ನಿಲ್ಲಿಸಿದ. "ಹೋಗು, ಅಮ್ಮನ ಹತ್ರ ಹೋಗು." ಒಂದು ಕಾಲದಲ್ಲಿ ಇದೇ ಮನುಷ್ಯ ತನ್ನ ಬಾಯಲ್ಲಿ ಕಚ್ಚಿ ಅರ್ಧ ಮಾಡಿದ ಹಣ್ಣನ್ನು ಮಗುವಿನ ಬಾಯಿಗೆ ಇಡುತ್ತಿದ್ದ. ಪುಟ್ಟಿ ಏನೂ ಆಗದವಳಂತೆ ಇರುವೆ ನೋಡುತ್ತ ಕೂತಳು. ಮಕ್ಕಳು ಅವಮಾನವನ್ನು ಆಟಕ್ಕೆ ಕಟ್ಟಿಕೊಂಡುಬಿಡುತ್ತಾರೆ. ಬಾಗಿಲಲ್ಲಿ ನಿಂತಿದ್ದ ಅವಳಿಗೆ ಮಾತ್ರ ಎಂದಿನಂತೆ ಕಿವಿ ಬಿಸಿಯಾಯಿತು. ಗಂಡನನ್ನು ನುಂಗಿದವಳು, ಅವಳು ಹೆತ್ತದ್ದು. ಯಾರೂ ಹಾಗೆ ಅಂದಿರಲಿಲ್ಲ. ಆದರೆ ಬಾಯಿಗೆ ಟವೆಲ್ ಅಡ್ಡ ಹಿಡಿಯುವುದಕ್ಕೆ ಬೇರೆ ಅರ್ಥ ಅವಳಿಗೆ ಹೊಳೆಯುತ್ತಿರಲಿಲ್ಲ.

ಮನೆಯ ಹಿಂದೆ ಅಂಗಳ, ಅಂಗಳದ ಒಂದು ಮೂಲೆಯಲ್ಲಿ ಒಡೆದ ಗಾಜಿನ ರಾಶಿ, ಅದರಾಚೆಗೆ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ಕುಲುಮೆ, ಎತ್ತರದ ಮಾಡು, ಗಾಜನ್ನು ನಿಧಾನವಾಗಿ ಆರಿಸುವ ಒಲೆ, ಸಾಣೆಯ ಚಕ್ರ, ಬೆರಳೆಣಿಕೆಯ ಜನ. ಇಲ್ಲಿ ಊದುವ ಕೊಳವೆ ಒಬ್ಬರದಲ್ಲ. ಒಬ್ಬ ಕುಲುಮೆಯಿಂದ ಕರಗಿದ ಗಾಜನ್ನು ಕೊಳವೆಯ ತುದಿಗೆ ಸುತ್ತಿ ತರುತ್ತಿದ್ದ; ಭಾವ ಅದಕ್ಕೆ ಮೊದಲ ಉಸಿರು ಕೊಡುತ್ತಿದ್ದ, ಗಾಜಿನೊಳಗೆ ಒಂದು ಸಣ್ಣ ಗುಳ್ಳೆ ಏಳುತ್ತಿತ್ತು; "ತಗೋ" ಎಂದು ಕೊಳವೆಯನ್ನು ದಾಟಿಸುತ್ತಿದ್ದ; ತಮ್ಮ, ಅವಳ ಗಂಡ, "ಕೊಡು" ಎಂದು ಬಾಯಿಗಿಟ್ಟು ಊದಿ ಆಕಾರಕ್ಕೆ ತರುತ್ತಿದ್ದ. ಈ ಮಾಡಿನ ಕೆಳಗೆ ಹುಟ್ಟಿದ ಯಾವ ಲೋಟಕ್ಕೂ, ಯಾವ ದೀಪದ ಬುರುಡೆಗೂ ಮೊದಲ ಉಸಿರು ಯಜಮಾನನದೇ. ಅವನ ಅಪ್ಪನ ಕಾಲದಲ್ಲಿ ಅಪ್ಪನದಾಗಿತ್ತು. ನಡುವೆ ಕೊಳವೆಯ ಬಾಯಿ ಒರೆಸುವಂತಿಲ್ಲ. ಗಾಜು ಕಾಯುವುದಿಲ್ಲ ಎನ್ನುವುದು ಒಂದು ಕಾರಣ. ಒರೆಸಿದರೆ ಕೊಟ್ಟವನ ಬಾಯಿಗೆ ಹೇಸಿದ ಹಾಗೆ ಎನ್ನುವುದು ಇನ್ನೊಂದು. ಅವಳ ಗಂಡ ಕೆಲಸಕ್ಕೆ ಸೇರಿದ ಮೊದಲ ದಿನ ಅಂಗಿಯ ತೋಳಿನಿಂದ ಕೊಳವೆ ಒರೆಸಿದನಂತೆ. ಅಣ್ಣ ಎಲ್ಲರೆದುರು, "ಯಾಕಪ್ಪಾ, ನನ್ನ ಬಾಯೇನು ತೊಟ್ಟೀನಾ? ಅಮ್ಮನ ಒಂದೇ ಮೊಲೇಲಿ ಕುಡಿದೋರಲ್ವಾ ನಾವು?" ಎಂದು ಕೇಳಿ ಮಳೆಗಾಲ ಮುಗಿಯುವವರೆಗೂ ಕಸ ಗುಡಿಸಲು ಹಚ್ಚಿದನಂತೆ. ಈ ಕಥೆಯನ್ನು ಅವನು ಹೇಳಿ ಹೇಳಿ ನಗುತ್ತಿದ್ದ. ಅವನು ಹೋದ ಮೇಲೆ ಭಾವ ಕೊಳವೆಗೆ ಬಾಯಿ ಇಟ್ಟಿಲ್ಲ. ದಮ್ಮು ಸಾಲದು ಎನ್ನುತ್ತಾನೆ. ಯಜಮಾನ ಉಸಿರು ಕೊಡದೆ ಬೇರೆಯವರು ಊದುವ ಹಾಗಿಲ್ಲ. ಈಗ ಅಲ್ಲಿ ಅಚ್ಚಿಗೆ ಗಾಜು ಸುರಿದು ಒತ್ತುತ್ತಾರೆ: ಕಾಗದದ ಮೇಲಿಡುವ ಭಾರ, ಬೂದಿಬಟ್ಟಲು, ದಪ್ಪ ತಟ್ಟೆ. ಯಾರ ಉಸಿರೂ ಬೇಡದ ವಸ್ತುಗಳು.

ಅವಳು ಅವನ್ನು ಕಾಗದದಲ್ಲಿ ಸುತ್ತಿ, ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಇಡುತ್ತಾಳೆ. ಅದು ಅವಳ ಕೆಲಸ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಯೋಗಶಾಲೆಯಲ್ಲಿದ್ದವಳು ಮೊದಲ ಸಲ ಇಲ್ಲಿಗೆ ಬಂದದ್ದು ಜಗಳಕ್ಕೆ. ಬೇರು, ಕಾಂಡಗಳನ್ನು ಮುಳುಗಿಸಿಡುವ ಜಾಡಿಗಳಿಗೆ ಮುಚ್ಚಳ ಕೂರುತ್ತಿರಲಿಲ್ಲ. ಕೆನ್ನೆ ಕೆಂಪಗೆ ಸುಟ್ಟಿದ್ದ ಒಬ್ಬ ಬೆವರು ಒರೆಸಿಕೊಳ್ಳುತ್ತ ಜಾಡಿಯನ್ನು ಕೈಯಲ್ಲಿ ತಿರುಗಿಸಿ, "ಮುಚ್ಚಳ ಸರಿಯಾಗಿದೆ ಮೇಡಂ, ಜಾಡಿಗೇ ಸ್ವಲ್ಪ ಮನಸ್ಸಿಲ್ಲ" ಎಂದಿದ್ದ. ಅಷ್ಟು ಕೆಟ್ಟ ಜೋಕಿಗೆ ನಕ್ಕದ್ದೇ ತಪ್ಪಾಯಿತು ಎಂದು ಅವಳಮ್ಮ ಮದುವೆಯಾದ ಮೇಲೂ ಹೇಳುತ್ತಿದ್ದಳು. ಕಾಗದ ಸುತ್ತುತ್ತ ಅವಳು ಆ ನಗುವನ್ನು ಬಾಯೊಳಗೆ ಹುಡುಕಿದಳು. ನಾಲಗೆ ಬಿದ್ದ ಹಲ್ಲಿನ ಜಾಗಕ್ಕೆ ಹೋಗುವ ಹಾಗೆ. ಬರೀ ಜಾಗ ಇತ್ತು, ನೋವಿರಲಿಲ್ಲ. ಅವನಿಲ್ಲದ ನೋವು ಮೊದಮೊದಲು ಇತ್ತು, ಚೂಪಾಗಿ ಇತ್ತು, ಅದರಲ್ಲಿ ಅವನೂ ಇದ್ದ. ಈಗ ಅದೂ ಇಲ್ಲ. ಅವಳಿಗೆ ಬೇಕಾಗಿದ್ದದ್ದು ಆ ನೋವೇ ಹೊರತು ಸಮಾಧಾನವಲ್ಲ ಎಂದು ಯಾರಿಗೆ ಹೇಳುವುದು?

ನರ್ಸಮ್ಮ ಬಂದದ್ದು ಹೊತ್ತೇರಿದ ಮೇಲೆ, ಐಸಿಟ್ಟ ನೀಲಿ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು. ಸಾಣೆಯವನು ಚಕ್ರ ನಿಲ್ಲಿಸಿ ಕೂಗಿದ. "ಬನ್ನಿ ನರ್ಸಮ್ಮ! ನಮ್ಮ ಚರ್ಮ ಸುಟ್ಟು ಸುಟ್ಟು ಚಪ್ಪಲಿ ಆಗಿದೆ, ನಿಮ್ಮ ಸೂಜಿ ಮುರಿದುಹೋದೀತು."

"ಮುರಿದ್ರೆ ಇನ್ನೊಂದಿದೆ, ನೀನು ಮೊದಲು ಬಾ. ಬಾಯಿಗೆ ಹಾಕೋ ಸೂಜಿ ತಂದಿಲ್ಲ ಅಂತ ಬೇಜಾರು ನಂಗೆ."

ಎಲ್ಲರೂ ನಕ್ಕರು. ಕುಲುಮೆ ಕಾಯುವವನು ಮಾತ್ರ ಎಲ್ಲರ ಮುಖ ನೋಡಿ, ತಡವಾಗಿ, ಜೋರಾಗಿ ನಕ್ಕ. ಅವನಿಗೆ ಎರಡೂ ಕಿವಿ ಕೇಳುವುದಿಲ್ಲ. ಅವಳ ಗಂಡ ತೀರಿಹೋದ ವಾರದಲ್ಲೇ ಅವನಿಗೂ ಅದೇ ಜ್ವರ ಬಂದಿತ್ತು. ಒಂದು ಸಾವು ಕಣ್ಣೆದುರಿಗಿದ್ದದ್ದರಿಂದ ತಲೆನೋವು ಎಂದ ಗಳಿಗೆಯಲ್ಲೇ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದರು. ಜೀವ ಉಳಿಯಿತು, ಕಿವಿ ಹೋಯಿತು. ಮಧ್ಯಾಹ್ನದ ಊಟ ತರುವ ಅವನ ಹೆಂಡತಿ ಕಾಗದ ಸುತ್ತುವ ಕೋಣೆಯ ಬಾಗಿಲಲ್ಲಿ ಕೂತು ಗೊಣಗುತ್ತಾಳೆ. "ನಮ್ಮನೇಲಿ ಗುಟ್ಟು ಅನ್ನೋದೇ ಹೋಯ್ತು ಕಣಮ್ಮ. ಪಕ್ಕದಲ್ಲಿ ಮಲಗಿರೋ ಗಂಡನಿಗೆ ಏನಾದ್ರೂ ಹೇಳ್ಬೇಕು ಅಂದ್ರೆ ಬೀದಿಗೆಲ್ಲ ಕೇಳುತ್ತೆ." ಅವಳು ಹೂಂ ಎನ್ನುತ್ತಾಳೆ, ಹುಲ್ಲು ತುಂಬುತ್ತಾಳೆ. ಆದರೆ ಆ ಮಾತು ಬಿದ್ದಾಗಲೆಲ್ಲ ಅವಳು ಹುಲ್ಲನ್ನು ಬೇಕಾದ್ದಕ್ಕಿಂತ ಹೆಚ್ಚು ಒತ್ತಿ ತುರುಕುತ್ತಾಳೆ. ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಲು ಪಕ್ಕದಲ್ಲಿ ಒಬ್ಬ ಕಿವುಡ ಇರುವುದು. ಎಂಥ ಸೊಕ್ಕು ಇವಳಿಗೆ!

ನರ್ಸಮ್ಮ ಒಂದು ತಿಳಿಯಾದ ಗಾಜಿನ ಲೋಟ ಬೇಕು ಎಂದಳು. ಕೇಳಿದ್ದೇ ತಡ, ಗಂಡಸರು ಮಕ್ಕಳ ಹಾಗೆ ಮೂಲೆ ಮೂಲೆಗೆ ಹೋಗಿ ಹಳೆಯ ಕಪಾಟುಗಳಿಂದ ತಂತಮ್ಮ ಕಾಲದ ಲೋಟಗಳನ್ನು ತಂದು ಹಿಡಿದರು. ಒಬ್ಬನದರಲ್ಲಿ ಗುಳ್ಳೆ ಇದೆ ಎಂದು ಇನ್ನೊಬ್ಬ, ಅವನದು ಹಸಿರು ಹೊಡೆಯುತ್ತದೆ ಎಂದು ಮತ್ತೊಬ್ಬ. ಕಂಬಕ್ಕೆ ಒರಗಿ ನಿಂತಿದ್ದ ಭಾವ ಮಾತಾಡದೆ ಕೈ ಚಾಚಿ ಒಂದನ್ನು ಆರಿಸಿ ಕೊಟ್ಟ. ನೀರಿನಷ್ಟು ತೆಳುವಾದ ಲೋಟ. ಯಾರು ಊದಿದ್ದೆಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು.

"ನೋಡಿ, ಜ್ವರ, ತಲೆನೋವು, ವಾಂತಿ. ಬೆಳಕು ನೋಡೋಕಾಗಲ್ಲ. ಗಲ್ಲ ಎದೆಗೆ ತಾಗೋ ಹಾಗೆ ಕತ್ತು ಬಗ್ಗಿಸೋಕಾಗಲ್ಲ. ಮಾತು ಎಲ್ಲೆಲ್ಲೋ ಹೋಗುತ್ತೆ. ಕೆಲವರಿಗೆ ಮೈಮೇಲೆ ಕೆಂಪಗೋ ನೇರಳೆ ಬಣ್ಣಕ್ಕೋ ಚುಕ್ಕೆ ಏಳುತ್ತೆ." ನರ್ಸಮ್ಮ ಸಾಣೆಯವನ ಮೊಣಕೈಯನ್ನು ಎಳೆದು ಅಲ್ಲಿದ್ದ ಸೊಳ್ಳೆ ಕಚ್ಚಿದ ಗುರುತಿನ ಮೇಲೆ ಲೋಟದ ಮಗ್ಗುಲನ್ನು ಒತ್ತಿ ಹಿಡಿದಳು. "ಹೀಗೆ ಒತ್ತಿ ಗಾಜಿನೊಳಗಿಂದ ನೋಡಿ. ಇದು ಮಾಯ ಆಯ್ತು, ಕಂಡ್ತಾ? ಆ ಜ್ವರದ ಚುಕ್ಕೆ ಮಾಯ ಆಗಲ್ಲ. ಹಾಗೇ ಕಾಣ್ತಾ ಇರುತ್ತೆ. ಅಂದ್ರೆ ಒಂದು ಗಳಿಗೇನೂ ಕೂರೋ ಹಾಗಿಲ್ಲ, ಓಡ್ಬೇಕು. ಹಾಗಂತ ಚುಕ್ಕೆ ಬರ್ಲಿ ಅಂತ ಕಾಯ್ಬೇಡಿ ಮತ್ತೆ. ಎಷ್ಟೋ ಜನಕ್ಕೆ ಬರೋದೇ ಇಲ್ಲ, ಬಂದ್ರೂ ತಡವಾಗಿ."

ಅವಳ ಗಂಡ ಕಾಯಿಲೆ ಬಿದ್ದ ದಿನ ಊಟದ ಹೊತ್ತಿಗಿಂತ ಮುಂಚೆಯೇ ಮನೆಗೆ ಬಂದಿದ್ದ, ಕಣ್ಣು ಅರ್ಧ ಮುಚ್ಚಿಕೊಂಡು, ಗೋಡೆ ಹಿಡಿದುಕೊಂಡು. ಕುಲುಮೆ ತಲೆನೋವು ಎಂದ. ಬೆಂಕಿಯೆದುರು ನಿಲ್ಲುವ ಈ ಜನಕ್ಕೆ ಅದು ಹೊಸದಲ್ಲ. ತಲೆ ಸಿಡಿಯುತ್ತದೆ, ಕಣ್ಣು ಬೆಳಕು ತಾಳುವುದಿಲ್ಲ, ಕೊಳವೆ ತಿರುಗಿಸಿ ತಿರುಗಿಸಿ ಕತ್ತು ಹಿಡಿದಿರುತ್ತದೆ. ಉಪ್ಪುನೀರು ಕುಡಿದು, ಒದ್ದೆ ಬಟ್ಟೆ ಹಾಕಿಕೊಂಡು, ಕತ್ತಲೆ ಕೋಣೆಯಲ್ಲಿ ಮಲಗಿದರೆ ಸರಿಹೋಗುತ್ತದೆ. ಅವರ ಅಪ್ಪನೂ ಹಾಗೇ ಮಲಗುತ್ತಿದ್ದ, ಅಣ್ಣನೂ. ಮಲಗಿಸಮ್ಮಾ, ಸಂಜೆ ಹೊತ್ತಿಗೆ ಎದ್ದು ಕೂರ್ತಾನೆ ಎಂದು ಭಾವ ಅಂಗಳದಿಂದಲೇ ಕೂಗಿ ಹೇಳಿದ್ದ. ಅವಳು ಪರದೆಗಳನ್ನೆಲ್ಲ ಎಳೆದಳು. ಗುಂಡಿನ ಹಸಿರು ಕಲೆಯೂ ಗೋಡೆಯಿಂದ ಅಳಿಸಿಹೋಯಿತು. ಪುಟ್ಟಿ ಕೆಳಗೆ ನಿದ್ದೆ ಮಾಡುತ್ತಿದ್ದಳು. ಹಗಲು ಹೊತ್ತಿನಲ್ಲಿ ಅವನು ಹೀಗೆ ಸಿಕ್ಕಿದ್ದೇ ಇಲ್ಲ. ಯಾವಾಗಲೂ ಕುಲುಮೆಯ ವಾಸನೆ ಹೊತ್ತು ಕತ್ತಲಾದ ಮೇಲೆ ಬಂದು ಊಟದ ತಟ್ಟೆಯೆದುರೇ ತೂಕಡಿಸುವವನು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮೈ ಕಾದ ಗಾಜಿನ ಹಾಗಿತ್ತು. ನೀರು ಕುಡಿಸಲು ತಲೆ ಎತ್ತಲು ಹೋದರೆ ಕತ್ತು ಹಲಗೆಯ ಹಾಗೆ, ಬಗ್ಗಲೇ ಇಲ್ಲ. "ಯಾಕೋ ಜಾಡಿಗೆ ಮನಸ್ಸಿಲ್ಲ" ಎಂದ. ಅವಳು ನಕ್ಕಳು. ಆಮೇಲೆ ಯಾವುದೋ ಹೊತ್ತಿನಲ್ಲಿ ಅವಳನ್ನು ಅಮ್ಮಾ ಎಂದು ಕರೆದು, ನಾಯಿಗೆ ಅನ್ನ ಹಾಕಿದೆಯಾ ಎಂದು ಕೇಳಿದ. ಮನೆಯಲ್ಲಿ ನಾಯಿ ಇರಲಿಲ್ಲ. ಕನಸು ಕಾಣುತ್ತಿದ್ದಾನೆ ಎಂದುಕೊಂಡು, ಹಾಕಿದೆ, ಮಲಗು ಎಂದಳು. ಮೊಣಕಾಲ ಕೆಳಗೆ ನೇರಳೆ ಚುಕ್ಕೆಗಳಿದ್ದವು. ಗಾಜಿನ ಕಿಡಿ ಸಿಡಿದು ಇವರ ಕೈಕಾಲು ಯಾವತ್ತೂ ಚುಕ್ಕೆ ಚುಕ್ಕೆಯೇ. ಅವಳು ಬೆರಳಿನಿಂದ ಒಂದೊಂದನ್ನೇ ಮುಟ್ಟುತ್ತ ಹೋದಳು. ಸುಖವಾಗಿತ್ತು. ಈಗಲೂ ಅವಳನ್ನು ಮಲಗಗೊಡದಿರುವುದು ಅದೇ: ಆ ಮಧ್ಯಾಹ್ನ ಅವಳ ಇಡೀ ಸಂಸಾರದ ಅತ್ಯಂತ ಸುಖದ ಮಧ್ಯಾಹ್ನವಾಗಿತ್ತು. ಅದನ್ನು ಬೇಡ ಎನ್ನಲು ಅವಳಿಂದ ಆಗುವುದಿಲ್ಲ. ಅದೇ ಹೊತ್ತಿನಲ್ಲಿ ಓಡಿದ್ದರೆ ಬಹುಶಃ ಅವನಿರುತ್ತಿದ್ದ, ಕಿವುಡನಾಗಿಯಾದರೂ. ದೀಪ ಹಚ್ಚುವಾಗ ಅವನನ್ನು ಎಬ್ಬಿಸಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಯಾರದೋ ಮೇಜಿನ ಮೇಲಿದ್ದ ಲೋಟದ ನೀರನ್ನು ಚೆಲ್ಲಿ, ಅದನ್ನು ಅವನ ಕಾಲಿಗೆ ಒತ್ತಿ ಬಗ್ಗಿ ನೋಡಿದಳು. ಇದು ಯಾವಾಗಿಂದ ಇದೆ ಎಂದು ಕೇಳಿದಳು. ಲೋಟದೊಳಗಿಂದ ಚುಕ್ಕೆಗಳು ದೊಡ್ಡದಾಗಿ, ಹೂವಿನ ಹಾಗೆ ಕಾಣುತ್ತಿದ್ದವು. ಗಾಜಿನ ಮನೆಯವರು. ಅಡುಗೆಮನೆಯ ಗೂಡಿನ ತುಂಬ ಲೋಟಗಳು. ಒಂದನ್ನು ತೆಗೆದು ಒತ್ತಿ ನೋಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

"ಈ ಸೂಜಿ ಆ ಜ್ವರದ ಎಲ್ಲ ಬಗೆಗೂ ಅಡ್ಡ ಬರಲ್ಲ," ನರ್ಸಮ್ಮ ಹೇಳುತ್ತಿದ್ದಳು, "ಹೆಚ್ಚಾಗಿ ಹರಡೋ ಕೆಲವಕ್ಕೆ ಬರುತ್ತೆ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ರಬ್ಬರ್ ತುದಿ ಕೊಟ್ಟಿದ್ದು, ಕೊಳವೆಗೆ ಹಾಕ್ಕೊಂಡು ಊದಿ ಅಂತ. ಎಲ್ಲಿ ಅವು?" ಎಲ್ಲರೂ ನೆಲ ನೋಡಿದರು. ರಬ್ಬರ್ ತುದಿಗಳು ಕಪಾಟಿನಲ್ಲಿ, ಬಂದ ಪೊಟ್ಟಣದಲ್ಲೇ ಇದ್ದವು. "ಸರಿ, ಯಾರು ಮೊದಲು?"

ಯಾರೂ ಅಲುಗಲಿಲ್ಲ. ಯಜಮಾನ ನೀರು ಕುಡಿಯದೆ ಇಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಸಾಣೆಯವನು ಭಾವನ ಕಡೆ ನೋಡಿದ.

"ನನಗೆ ಬೇಡ," ಭಾವ ಹೇಳಿದ. "ಉಳಿದೋರು ಹಾಕಿಸ್ಕೊಳ್ಳಿ. ನಾನೇನು ಬೇಡ ಅಂದ್ನಾ?"

"ಹಾಗಂದ್ರೆ ಹೇಗೆ ಯಜಮಾನ್ರೇ," ಎಂದು ನರ್ಸಮ್ಮ ತಿರುಗಿ, ಬಾಗಿಲಲ್ಲಿ ನಿಂತಿದ್ದ ಅವಳನ್ನು ಕಂಡಳು. ದನಿ ತಗ್ಗಿಸಿದಳು. "ನೀವಾದ್ರೂ ಹೇಳಿ ತಾಯಿ. ಓದಿದೋರು. ಮೇಲಾಗಿ..." ಮಾತು ಅಲ್ಲಿಗೇ ನಿಂತಿತು. ಗಂಡಸರೆಲ್ಲ ಅವಳತ್ತ ತಿರುಗಿ ನೋಡಿ, ನೋಡಬಾರದಿತ್ತು ಎನ್ನುವಂತೆ ಕಣ್ಣು ಬೇರೆ ಕಡೆ ಹಾಯಿಸಿದರು. ಮೇಲಾಗಿ. ಆ ಮಾತಿನ ಮುಂದಿನ ಖಾಲಿಯಲ್ಲಿ ಅವಳನ್ನು ಜಾಡಿಯಲ್ಲಿಟ್ಟ ಬೇರಿನ ಹಾಗೆ ಎತ್ತಿ ತೋರಿಸುತ್ತಿದ್ದರು: ನೋಡಿ, ಹಾಕಿಸಿಕೊಳ್ಳದಿದ್ದರೆ ಹೀಗಾಗುತ್ತದೆ. ಹಿಂತಿರುಗಿ ಕೋಣೆಗೆ ಹೋಗಿ ಹುಲ್ಲು ತುಂಬಬಹುದಿತ್ತು. ಕಾಲು ಮುಂದಕ್ಕೆ ಹೋಯಿತು. ನರ್ಸಮ್ಮನ ಎದುರಿನ ಮುಕ್ಕಾಲಿಯ ಮೇಲೆ ಕೂತು, ಅಂಗಿಯ ತೋಳನ್ನು ಮೇಲಕ್ಕೆ ಮಡಚಿದಳು.

"ಯಜಮಾನ್ರಿಗಿಂತ ಮೊದ್ಲೇ?" ಯಾರೋ ಗೊಣಗಿದರು.

"ಇದೇನು ಊದೋ ಕೊಳವೆ ಅಲ್ವಲ್ಲ," ಎಂದಳು. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. ಸೂಜಿ ಒಳಗೆ ಹೋಯಿತು. ನೋವಿಗಾಗಿ ಕಾದಳು. ಏನೂ ಆಗಲಿಲ್ಲ, ಯಾರದೋ ತೋಳಿಗೆ ಚುಚ್ಚಿದ ಹಾಗಿತ್ತು. ತಲೆ ಎತ್ತಿದಾಗ ಕಂಬದ ಹತ್ತಿರ ಭಾವ ಇರಲಿಲ್ಲ.

ಅವನು ಅಂಗಳದ ಗಾಜಿನ ರಾಶಿಯ ಪಕ್ಕದಲ್ಲಿ ನಿಂತಿದ್ದ. ಒಡೆದದ್ದೆಲ್ಲ ಇಲ್ಲಿಗೆ ಬರುತ್ತದೆ, ಮತ್ತೆ ಕುಲುಮೆಗೆ ಹೋಗುತ್ತದೆ. ಬಿಸಿಲು ಬಿದ್ದು ರಾಶಿ ಕಣ್ಣಿಗೆ ಚುಚ್ಚುತ್ತಿತ್ತು.

"ಭಾವ, ಅವರೆಲ್ಲ ನಿಮ್ಮ ದಾರಿ ನೋಡ್ತಾ ನಿಂತಿದ್ದಾರೆ."

"ನಿಂತ್ಕೊಳ್ಳಲಿ. ಹಾಕಿಸ್ಕೊಳ್ಳಿ ಅಂತ ಹೇಳಿದೀನಲ್ಲ."

"ಹೇಳಿದ್ರೆ ಆಯ್ತಾ? ನಾಳೆ ಇವರಲ್ಲಿ ಇನ್ನೊಬ್ಬ ಕುಲುಮೆ ತಲೆನೋವು ಅಂತ ಮನೆಗೆ ಹೋದ್ರೆ?"

ಅವನು ಚಪ್ಪಲಿಯ ತುದಿಯಿಂದ ಒಂದು ಚೂರನ್ನು ರಾಶಿಗೆ ತಳ್ಳಿದ. ಅವಳ ಕಡೆ ನೋಡದೆ, ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಮಾತಾಡಿದ. "ಕಳ್ಳ ಹೊರಗಿಂದ ಬರ್ತಾನೆ ಅಂದ್ರೆ ಬಾಗಿಲು ಹಾಕ್ಬಹುದಮ್ಮ. ಮನೆಯೊಳಗೇ ಇದ್ರೆ? ಅವತ್ತು ಡಾಕ್ಟರು ಹೇಳಿದ್ದು ನೀನೂ ಕೇಳ್ದೆ. ಗಟ್ಟಿಮುಟ್ಟಾಗಿರೋನ ಗಂಟಲಲ್ಲೇ ಸುಮ್ನೆ ಕೂತಿರುತ್ತಂತೆ. ಅವನಿಗೇನೂ ಆಗಲ್ಲ. ಅವನ ಎಂಜಲು ತಗೊಂಡೋನಿಗೆ ಹತ್ತುತ್ತೆ." ಮಾಡಿನ ಕಡೆ ಕೈ ತೋರಿಸಿದ. "ಈ ಕಾರ್ಖಾನೇಲಿ ಕೊಳವೆ ಮೊದಲು ಯಾರ ಬಾಯಿಗೆ ಹೋಗುತ್ತೆ, ಹೇಳು. ಅವನು ಒರೆಸಿದ್ದ, ಮೊದಲ ದಿನ. ಒರೆಸ್ಬೇಡ ಅಂದೋನು ನಾನು."

ಬೇರೆ ತಟ್ಟೆ, ಬೇರೆ ಲೋಟ, ಮೆಟ್ಟಿಲ ಮೇಲಿನ ಊಟ ಕಣ್ಣೆದುರು ಒಂದೊಂದಾಗಿ ಬಂದು ತಿರುಗಿ ಬೇರೆ ಮುಖ ತೋರಿಸಿ ಹೋದವು. "ಪುಟ್ಟೀನ ಅದಕ್ಕೇ ದೂರ ಮಾಡ್ತಿದ್ದದ್ದಾ?"

"ಮತ್ತೆ? ನೀನೇನು ಅಂದ್ಕೊಂಡಿದ್ದೆ?"

ಏನಂದುಕೊಂಡಿದ್ದಳೆಂದು ಹೇಳಲು ಅವಳಿಗೆ ನಾಚಿಕೆಯಾಯಿತು. ಇಷ್ಟು ದಿನ ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ತಿಂದುಕೊಂಡು, ಇಬ್ಬರೂ ತಮ್ಮ ತಮ್ಮ ತಲೆಗೆ ಒಂದೊಂದು ಕೊಲೆ ಕಟ್ಟಿಕೊಂಡು ಓಡಾಡುತ್ತಿದ್ದರು.

"ಇನ್ನೊಂದು ಮಾತು. ಹೇಳ್ಬೇಕು ಹೇಳ್ಬೇಕು ಅಂತ ಬಾಯಿಗೆ ಬಂದು ಹಿಂದಕ್ಕೆ ಹೋಗುತ್ತೆ. ನಿನ್ನ ಕಿಟಕೀಲಿರೋ ಆ ಗುಂಡು... ಅದನ್ನ ಒಡೆದು ಇಲ್ಲಿ ತಂದು ಹಾಕು. ಅದಕ್ಕೂ ಮೊದಲ ಉಸಿರು ಕೊಟ್ಟದ್ದು ನಾನೇ. ಒಳಗಿರೋದು ನಂದೂ ಸೇರಿ. ಮಗು ಮಲಗೋ ಕೋಣೆ."

ಅದು ಅವಳಿಗೆ ಗೊತ್ತಿರದ ಸಂಗತಿಯಲ್ಲ. ಈ ಮಾಡಿನ ಕೆಳಗೆ ಹುಟ್ಟಿದ ಎಲ್ಲದಕ್ಕೂ ಮೊದಲ ಉಸಿರು ಯಜಮಾನನದು ಎಂಬುದನ್ನು ಈ ಮನೆಗೆ ಬಂದ ದಿನದಿಂದ ಕೇಳಿದ್ದಳು, ಕಾಲೇಜಿನ ಗೆಳತಿಯರಿಗೆ ತಾನೇ ಹೇಳಿ ನಗಿಸಿದ್ದಳು. ಆದರೆ ಆ ಒಂದು ಗುಂಡನ್ನು ಮಾತ್ರ ಆ ನಿಯಮದಿಂದ ಹೊರಗಿಟ್ಟಿದ್ದಳು. ಹಸಿರು ಕಲೆ ದಿಂಬನ್ನು ಮುಟ್ಟುವ ಹೊತ್ತಿನಲ್ಲಿ ಅದರೊಳಗೆ ಬರೀ ಅವನಿರುತ್ತಿದ್ದ. ಈಗ ಅದರೊಳಕ್ಕೆ ಈ ನರೆತ ಗಡ್ಡದ ಮನುಷ್ಯನೂ ಬಂದು, ಬಾಯಿಗೆ ಟವೆಲ್ ಹಿಡಿದುಕೊಂಡು, ಮೂಲೆಯಲ್ಲಿ ಮುದುರಿ ನಿಂತ. ಅವಳಿಗೆ ಸಿಟ್ಟು ಬಂತು. ಬಹಳ ದಿನಗಳ ಮೇಲೆ ಬಂದ ಸಿಟ್ಟು, ಮೈಯೆಲ್ಲ ಬಿಸಿಯಾಗುವಂಥದು. ಬಂದಷ್ಟೇ ಬೇಗ ಎಲ್ಲಿಗೋ ಇಳಿದೂ ಹೋಯಿತು.

"ಯಜಮಾನ್ರೇ, ನನ್ನ ಐಸ್ ಕರಗ್ತಾ ಇದೆ!" ನರ್ಸಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. "ಯಾರ ಗಂಟಲಿಂದ ಯಾರಿಗೆ ಹೋಯ್ತು ಅಂತ ಈಗ ಯಾರಿಗೂ ಹೇಳೋಕಾಗಲ್ಲ. ಬಸ್ಸಲ್ಲಿ ಪಕ್ಕದಲ್ಲಿ ಕೂತು ಕೆಮ್ಮಿದೋನದಿರಬಹುದು, ಈ ತಾಯೀದಿರಬಹುದು, ನಿಮ್ಮದೂ ಇರಬಹುದು. ಇದ್ರೂ, ಅವತ್ತು ಮನೆಯೋರಿಗೆಲ್ಲ, ಕಾರ್ಖಾನೆಯೋರಿಗೆಲ್ಲ ಮಾತ್ರೆ ಕೊಟ್ಟಿದ್ವಲ್ಲ? ಅದು ಗಂಟಲಲ್ಲಿರೋದನ್ನ ಗುಡಿಸಿ ಹಾಕೋಕೇ ಇರೋ ಮಾತ್ರೆ. ನುಂಗಿದ್ರಿ ತಾನೇ?"

ಭಾವ ಹಣೆ ಉಜ್ಜಿಕೊಂಡ. ಅವನಿಗೆ ನೆನಪಿರಲಿಲ್ಲವೋ ಏನೋ.

"ನುಂಗಿದಾರೆ," ಅವಳು ಹೇಳಿದಳು. "ಅವತ್ತಿನ ಬಿಳಿ ಟವೆಲ್ ಒಗೆದದ್ದು ನಾನು. ಕಿತ್ತಳೆ ಬಣ್ಣ ಹಿಡಿದಿತ್ತು. ಹೋಗಲೇ ಇಲ್ಲ."

ಆ ಮಾತ್ರೆ ಮೈಯಿಂದ ಹೊರಗೆ ಬರುವ ನೀರನ್ನೆಲ್ಲ ಕಿತ್ತಳೆ ಮಾಡುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು, ಹೆದರಬೇಡಿ ಎಂದೂ ಹೇಳಿದ್ದರು. ಆದರೆ ಸತ್ತ ಮನೆಯಲ್ಲಿ ಯಾರಿಗೆ ಅದೆಲ್ಲ ನೆನಪಿರುತ್ತದೆ? ಕನ್ನಡಿಯಲ್ಲಿ ತನ್ನ ಕೆನ್ನೆಯ ಮೇಲೆ ಕಿತ್ತಳೆ ಗೆರೆ ಇಳಿಯುತ್ತಿದ್ದುದನ್ನು ಅವಳು ಕುತೂಹಲದಿಂದ ನೋಡಿದ್ದಳು. ಓರಗಿತ್ತಿಯ ದಿಂಬಿನ ಮೇಲೆ ಬಣ್ಣ, ಪುಟ್ಟಿಯ ಚಡ್ಡಿಯ ಮೇಲೆ ಬಣ್ಣ. ನಾನು ಅಳಲಿಲ್ಲ, ಗಂಡಸು ಅತ್ತರೆ ಮನೆ ನಿಲ್ಲುವುದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ ಭಾವನ ಟವೆಲ್ಲಿನ ತುಂಬ, ತುದಿಯಿಂದ ತುದಿಗೆ.

ಅವನು ಟವೆಲ್ಲನ್ನು ಬಾಯಿಂದ ತೆಗೆದು, ಅದೇ ಟವೆಲ್ಲೇ ಏನೋ ಎನ್ನುವಂತೆ ನೋಡಿದ. ಆಮೇಲೆ ನರ್ಸಮ್ಮನ ಕಡೆ ತಿರುಗಿ, ಮಗುವಿನ ಹಾಗೆ ಕೇಳಿದ. "ಹಂಗಾದ್ರೆ ಆ ಗುಂಡಿನೊಳಗೆ?"

"ಅದು ಮೈ ಬಿಟ್ಟು ಹೊರಗೆ ಹೆಚ್ಚು ಹೊತ್ತು ಬದುಕೋದೇ ಇಲ್ಲ. ಅದಿರಲಿ, ಕರಗಿದ ಗಾಜಿನೊಳಗೆ ಏನು ಉಳಿದೀತು ಅಂತ ನನ್ನ ಕೇಳ್ತೀರಲ್ಲ ಯಜಮಾನ್ರೇ! ಬೆಂಕಿ ಜೊತೆ ಹುಟ್ಟಿ ಬೆಳೆದೋರು ನೀವು. ಏನೂ ಉಳಿಯಲ್ಲ."

ಭಾವನ ಗಂಟಲಿನಿಂದ ಒಂದು ವಿಚಿತ್ರ ಸದ್ದು ಹೊರಟಿತು. ನಗುತ್ತಿದ್ದಾನೆಂದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅವನು ಒಳಗೆ ಹೋಗಿ ಮುಕ್ಕಾಲಿಯ ಮೇಲೆ ಕೂತದ್ದು, ಸೂಜಿ ಚುಚ್ಚುವಾಗ ಕಣ್ಣು ಬಿಗಿಯಾಗಿ ಮುಚ್ಚಿದ್ದು, ಸಾಣೆಯವನು "ಕುಲುಮೆಗೆ ಹೆದರ್ದೋರು ಸೂಜಿಗೆ ಹೆದರಿದ್ರು ನೋಡ್ರಪ್ಪಾ" ಎಂದದ್ದು, "ನಿಂದು ಬರ್ಲಿ, ನಿನ್ನ ಮುಖ ನೋಡೋಕೆ ಕುರ್ಚಿ ಹಾಕ್ಕೊಂಡು ಕೂರ್ತೀನಿ" ಎಂದು ಅವನು ತಿರುಗಿ ಹೇಳಿದ್ದು, ಒಬ್ಬರ ಹಿಂದೊಬ್ಬರು ತೋಳು ಮಡಚಿಕೊಂಡು ನಿಂತದ್ದು, ಎಲ್ಲ ಅವಳಿಗೆ ಅಂಗಳದಿಂದಲೇ ಕಂಡಿತು, ಕೇಳಿಸಿತು. ಏನೂ ಉಳಿಯಲ್ಲ. ನರ್ಸಮ್ಮ ಅದನ್ನು ಸಮಾಧಾನಕ್ಕೆಂದೇ ಹೇಳಿದ್ದಳು.

ಮಧ್ಯಾಹ್ನದ ಮೇಲೆ ಅವಳು ಒಂದು ದಪ್ಪ ತಟ್ಟೆಗೆ ಕಾಗದ ಸುತ್ತುತ್ತಿದ್ದಾಗ ಆಚೆಯಿಂದ ಸದ್ದು ಬಂತು. ಕಬ್ಬಿಣದ ಆಸರೆಯ ಮೇಲೆ ಕೊಳವೆ ಉರುಳುವ ಸದ್ದು. ಅವಳ ಕೈ ನಿಂತಿತು. ಉಸಿರು ಕೇಳಿಸುವಂಥದಲ್ಲ, ಆದರೂ ಕೇಳಿಸಿಕೊಂಡಳು. "ತಗೋ" ಎಂದ ಭಾವ. ಅಷ್ಟು ದಿನ ಕೂಗದ ಗಂಟಲು ಅರ್ಧಕ್ಕೆ ಒಡೆಯಿತು. ಅವಳ ಎದೆ, ಅವಳನ್ನು ಕೇಳದೆ, ಎಷ್ಟೋ ವರ್ಷಗಳ ರೂಢಿಯಿಂದ, ಮುಂದಿನ ದನಿಗಾಗಿ ತೆರೆದುಕೊಂಡಿತು. "ತಡೀರಿ ಯಜಮಾನ್ರೇ, ರಬ್ಬರ್ ತುದಿ ಬದಲಾಯಿಸ್ತೀನಿ," ಎಂದ ಸಾಣೆಯವನು, ಆಮೇಲೆ, "ಹೂಂ, ಕೊಡಿ." ಬೇರೆ ದನಿ. ಕೊಡು ಅಲ್ಲ, ಕೊಡಿ. ಅವಳು ತಟ್ಟೆಯನ್ನು ಹುಲ್ಲಿನ ಮೇಲಿಟ್ಟು, ಪೆಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಗ ಎಡತೋಳು ನೋಯುತ್ತಿರುವುದು ಗೊತ್ತಾಯಿತು. ಯಾವಾಗ ಶುರುವಾಯಿತೋ, ಸೂಜಿ ಹೋದ ಜಾಗದಿಂದ ಭುಜದವರೆಗೆ ಭಾರವಾಗಿ, ಮಿಡಿಯುತ್ತ, ಬೇರೆ ಯಾರದೂ ಅಲ್ಲದ ನೋವು. ಬೆರಳಿನಿಂದ ಒತ್ತಿ ನೋಡಿದಳು. ಮತ್ತೆ ಒತ್ತಿದಳು.

ಸಂಜೆ ಮೆಟ್ಟಿಲು ಹತ್ತುವಾಗ ಹಿತ್ತಿಲಿನಿಂದ ಪುಟ್ಟಿಯ ಕೇಕೆ ಕೇಳುತ್ತಿತ್ತು. "ದೊಡ್ಡಪ್ಪಾ, ಇನ್ನೊಂದ್ಸಲ! ಇನ್ನೊಂದ್ಸಲ!" ಅವನು ಸೂಜಿ ಹಾಕಿಸಿಕೊಳ್ಳದ ತೋಳಿನಲ್ಲಿ ಮಗುವನ್ನು ಎತ್ತಿ ಎತ್ತಿ ಇಳಿಸುತ್ತಿರಬೇಕು. ಓರಗಿತ್ತಿ, "ಸಾಕು ಇಳಿಸ್ರೀ, ಸೂಜಿಗೆ ಮೈ ಬಿಸಿಯಾದೀತು ಅಂದಿದ್ದಾರೆ" ಎಂದು ಬೈಯುತ್ತಿದ್ದಳು. ಬೈಗುಳದ ತುಂಬ ಸಂತೋಷವಿತ್ತು. ಕೋಣೆಯಲ್ಲಿ ಬೆಳಕು ಇಳಿದಿತ್ತು. ಗುಂಡು ಕಿಟಕಿಯಲ್ಲಿ ಬಣ್ಣವಿಲ್ಲದೆ ತೂಗುತ್ತಿತ್ತು. ಅವಳು ಹಾಸಿಗೆಯ ತನ್ನ ಬದಿಯಲ್ಲಿ ಕೂತು ಅದನ್ನೇ ನೋಡಿದಳು. ಒಳಗಿರುವುದು ಗಾಳಿ. ಇಬ್ಬರ ಗಾಳಿ. ಒಬ್ಬ ಕೆಳಗೆ ಮಗು ಆಡಿಸುತ್ತಿದ್ದಾನೆ. ಯಾವುದು ಯಾರದೆಂದು ಬಿಡಿಸುವುದು ಹೇಗೆ? ಗಂಡನ ಬಾಯಿ ಅವಳ ಬಾಯಿಗೆ ತಂದದ್ದರಲ್ಲಿಯೂ ಎಷ್ಟು ಅವನದು, ಎಷ್ಟು ಈ ಮಾಡಿನ ಕೆಳಗಿನವರದು! ಬೇಕು ಎನಿಸಿತು. ಗುಂಡಲ್ಲ, ಗಾಳಿಯಲ್ಲ, ಬೆಂದ ಕೆನ್ನೆ, ಉಪ್ಪು, ಜಾಡಿಗೆ ಮನಸ್ಸಿಲ್ಲ ಎಂದ ದನಿ. ಕತ್ತಲೆಯ ಕೋಣೆಯಲ್ಲಿ ತೊಡೆಯ ಮೇಲಿನ ತಲೆಯ ಭಾರ ಬೇಕು ಎನಿಸಿತು. ಎಷ್ಟು ಬೇಕೆಂದರೆ ತೋಳಿನ ಮಿಡಿತ ಎದೆಗೆ ಇಳಿಯಿತು.

ಪುಟ್ಟಿ ಏದುಸಿರು ಬಿಡುತ್ತ ಬಂದವಳು ಬಾಗಿಲಲ್ಲೇ ನಿಂತು, ಕಿಟಕಿಯ ನೆನಪಾಗಿ, ದನಿಯನ್ನು ಪಿಸುಮಾತಿಗೆ ಇಳಿಸಿದಳು. "ಅಮ್ಮಾ, ದೊಡ್ಡಪ್ಪ ಗಾಜು ಊದಿದ್ರು. ಸೊಟ್ಟಗಾಯ್ತು. ನಂಗೇ ಅಂತೆ."

"ಜೋರಾಗೇ ಮಾತಾಡು ಪುಟ್ಟಿ," ಎಂದಳು.

ಪುಟ್ಟಿ ಅನುಮಾನದಿಂದ ನೋಡಿದಳು. "ಅಪ್ಪ?"

ಏನು ಹೇಳುವುದೆಂದು ತೋಚದೆ ಅವಳು ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು ಮಗಳನ್ನು ಹತ್ತಿಸಿ, ಬೀಳದಂತೆ ಸೊಂಟಕ್ಕೆ ಕೈ ಹಾಕಿ ನಿಂತಳು. ಪುಟ್ಟಿ ಮೊದಲು ಒಂದು ಬೆರಳಿನಿಂದ ಮುಟ್ಟಿದಳು. ಆಮೇಲೆ ಎರಡೂ ಅಂಗೈಯಲ್ಲಿ ಹಿಡಿದಳು. ಆಮೇಲೆ, ಈ ಮನೆಯ ಮಗುವಾದ್ದರಿಂದ, ಕೆನ್ನೆ ಉಬ್ಬಿಸಿ ತುಟಿ ಚಾಚಿ ಅದರ ಸೊಟ್ಟ ಮಗ್ಗುಲಿನ ಮೇಲೆ ಊದಿದಳು. ಗಾಜಿನ ಮೇಲೆ ಮಂಜು ಕವಿಯಿತು. ಹೊರಗೆ ಮಗಳ ಉಸಿರು, ನಡುವೆ ಉಗುರಿನಷ್ಟು ಗಾಜು. ರೂಢಿಯಂತೆ ಅವಳ ಕೈ ಅಂಗಿಯ ತೋಳನ್ನು ಬೆರಳಿಗೆ ಎಳೆದುಕೊಂಡು ಗಾಜಿನವರೆಗೂ ಹೋಯಿತು.

ಒರೆಸಲಿಲ್ಲ. ಮಂಜು ಅಂಚಿನಿಂದ ತಾನಾಗಿಯೇ ಕರಗುತ್ತ ಬರುವುದನ್ನು ಇಬ್ಬರೂ ನೋಡುತ್ತ ನಿಂತರು.